ಬಂದರಿನ ಹಮಾಲರಿಗೆ ಸರದಿ ಕೊಡಿಸಿದ ಹ್ಯಾರಿ ಬ್ರಿಡ್ಜಸ್

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ಹೋದವರು ಕಡಲಂಚಿನ ಫೆರಿ ಬಿಲ್ಡಿಂಗ್ ನೋಡದೆ ಮರಳುವುದು ಕಡಿಮೆ. ಎತ್ತರದ ಗಡಿಯಾರ ಗೋಪುರವುಳ್ಳ ಆ ಕಟ್ಟಡದ ಎದುರಿಗೆ ವಿಶಾಲವಾದ ಅಂಗಳವೊಂದಿದೆ. ಅದರ ಹೆಸರು ಹ್ಯಾರಿ ಬ್ರಿಡ್ಜಸ್ ಪ್ಲಾಜಾ. ಸಾಫ್ಟ್‌ವೇರ್ ಉದ್ಯೋಗದ ನಿಮಿತ್ತ ಕರ್ನಾಟಕದಿಂದ ಹೋಗಿ ನೆಲೆಸಿದ ಎಷ್ಟೋ ಮಂದಿ ಈ ಅಂಗಳವನ್ನು ದಾಟಿರುತ್ತಾರೆ. ಹೆಸರು ಯಾವುದೋ ಹಳೆಯ ಮೇಯರ್‌ನದೋ, ದಾನಿಯಾದ ಉದ್ಯಮಿಯದೋ ಇರಬೇಕೆಂದು ಭಾವಿಸಿದರೆ ಅದು ತಪ್ಪು. ಹಡಗಿನ ಒಡಲಿಗಿಳಿದು ಮೂಟೆ ಹೊರುತ್ತಿದ್ದ ಕೂಲಿಕಾರನೊಬ್ಬನ ಹೆಸರು ಅದು. ಈ ಮನುಷ್ಯನನ್ನು ದೇಶದಿಂದ ಹೊರಹಾಕಲು ಅಮೆರಿಕ ಸರ್ಕಾರ ಹೆಚ್ಚುಕಡಿಮೆ ಎರಡು ದಶಕ ಹೆಣಗಿತು. ಕೊನೆಗೂ ಅದು ಸಾಧ್ಯವಾಗಲಿಲ್ಲ.

ಅಂಗಳಕ್ಕೆ ಈ ಹೆಸರು ಬರಲು ಕಾರಣವಿದೆ. 1934ಕ್ಕೆ ಮುಂಚೆ ಪ್ರತಿದಿನ ನಸುಕಿನಲ್ಲಿ ಸಾವಿರಾರು ಗಂಡಸರು ಕೆಲಸಕ್ಕಾಗಿ ಬಂದು ನಿಲ್ಲುತ್ತಿದ್ದದ್ದು ಇದೇ ಸ್ಥಳದ ಆಸುಪಾಸಿನಲ್ಲಿ.

ಬ್ರಿಡ್ಜಸ್ ಹುಟ್ಟಿದ್ದು 1901ರ ಜುಲೈ 28ರಂದು, ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಕೆನ್ಸಿಂಗ್ಟನ್ ಬಡಾವಣೆಯಲ್ಲಿ. ಹೆತ್ತವರು ಇಟ್ಟ ಹೆಸರು ಆಲ್ಫ್ರೆಡ್ ರೆಂಟನ್ ಬ್ರಯಂಟ್ ಬ್ರಿಡ್ಜಸ್. ಹ್ಯಾರಿ ಎಂಬುದು ಆಮೇಲೆ ಅಂಟಿಕೊಂಡದ್ದು. ತಂದೆ ಮನೆ, ನಿವೇಶನಗಳ ವ್ಯವಹಾರ ನಡೆಸುತ್ತಿದ್ದವರು. ತಾಯಿ ಐರಿಷ್ ಮೂಲದ ಕ್ಯಾಥೊಲಿಕ್ ಮನೆತನದವರು. ತಂದೆಯ ಸುಪರ್ದಿಯಲ್ಲಿದ್ದ ಮನೆಗಳ ಬಾಡಿಗೆ ವಸೂಲಿಗೆ ಹುಡುಗನನ್ನು ಕಳುಹಿಸಲಾಗುತ್ತಿತ್ತು. ಕೊಡಲು ಗತಿಯಿಲ್ಲದವರ ಬಾಗಿಲು ಬಡಿಯುವ ಈ ಕೆಲಸ ಅವನಿಗೆ ಹಿಡಿಸಲಿಲ್ಲ. ಜಾಕ್ ಲಂಡನ್ ಬರೆದ ಕಡಲ ಕಥೆಗಳು ಮಾತ್ರ ಬಲವಾಗಿ ಹಿಡಿಸಿದವು. ಹದಿನಾರರ ಸುಮಾರಿಗೆ ಹುಡುಗ ಹಡಗು ಹತ್ತಿದ. ಹಡಗೊಡೆದಾಗ ತನ್ನ ಮ್ಯಾಂಡೊಲಿನ್ ವಾದ್ಯವನ್ನೇ ಆಸರೆ ಮಾಡಿಕೊಂಡು ತೇಲಿ ಬದುಕಿದ ಎಂಬ ಕಥೆಯೊಂದು ಬಂದರುಗಳಲ್ಲಿ ಬಹುಕಾಲ ಓಡಾಡಿತು. ನಾಯಕರಾದವರ ಬಾಲ್ಯಕ್ಕೆ ಇಂಥ ಕಥೆಗಳು ಸೇರಿಕೊಳ್ಳುವುದು ಸಹಜವೇ. ಆದರೆ ಬ್ರಿಡ್ಜಸ್ ಮ್ಯಾಂಡೊಲಿನ್ ನುಡಿಸುತ್ತಿದ್ದದ್ದು ನಿಜ.

1920ರಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿದರು. ಮರುವರ್ಷ ನ್ಯೂ ಆರ್ಲಿಯನ್ಸ್ ಬಂದರಿನಲ್ಲಿ ನಾವಿಕರ ಮುಷ್ಕರದಲ್ಲಿ ಪಾಲ್ಗೊಂಡು ಪೊಲೀಸರ ವಶವಾದರು. 1922ರಲ್ಲಿ ಕಡಲಯಾನ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೊದ ಧಕ್ಕೆಯಲ್ಲಿ ಸರಕು ಏರಿಳಿಸುವ ಕೂಲಿಗೆ ನಿಂತರು. ಅಮೆರಿಕದ ಪೌರತ್ವಕ್ಕೆ ಮೊದಲ ಅರ್ಜಿ ಹಾಕಿದ್ದೂ ಈ ದಿನಗಳಲ್ಲೇ. ಆದರೆ ಗಡುವಿನೊಳಗೆ ಮುಂದಿನ ಕ್ರಮ ಪೂರೈಸಲಿಲ್ಲ. ಎರಡನೆಯ ಸಲವೂ ಹಾಗೆಯೇ ಆಯಿತು. ಕಾಗದಪತ್ರದ ಈ ಉದಾಸೀನಕ್ಕೆ ಮುಂದೆ ಅವರು ತೆತ್ತ ಬೆಲೆ ಸಣ್ಣದಲ್ಲ.

ಮೇಸ್ತ್ರಿಯ ಕಣ್ಣಿಗೆ ಬಿದ್ದರೆ ಅನ್ನ

ನಮ್ಮ ನಗರಗಳ ಕೆಲವು ವೃತ್ತಗಳಲ್ಲಿ ಬೆಳಗ್ಗೆ ಬುತ್ತಿ ಹಿಡಿದು ಕಟ್ಟಡದ ಮೇಸ್ತ್ರಿಗಾಗಿ ಕಾಯುವ ಕೂಲಿಕಾರರನ್ನು ಕಂಡವರಿಗೆ ಅಂದಿನ ಬಂದರಿನ ಪದ್ಧತಿಯನ್ನು ಹೆಚ್ಚು ವಿವರಿಸಬೇಕಿಲ್ಲ. ಅಲ್ಲಿ ಅದಕ್ಕೆ ಶೇಪ್ ಅಪ್ ಎನ್ನುತ್ತಿದ್ದರು. ಹಡಗು ಬರುವ ಸುದ್ದಿ ತಿಳಿದು ಕೂಲಿಕಾರರು ಬೆಳಕು ಹರಿಯುವ ಮುನ್ನವೇ ಗುಂಪುಗೂಡುತ್ತಿದ್ದರು. ಹಡಗು ಕಂಪೆನಿಯ ಪರವಾಗಿ ಬಂದ ಮೇಸ್ತ್ರಿ ಗುಂಪಿನ ಮೇಲೆ ಕಣ್ಣು ಹಾಯಿಸಿ ತನಗೆ ಬೇಕಾದವರನ್ನು ಬೆರಳು ತೋರಿ ಕರೆಯುತ್ತಿದ್ದ. ಉಳಿದವರು ಕಾಯಬೇಕು, ಇಲ್ಲವೇ ಮನೆಗೆ ಹೋಗಬೇಕು.

ಬೆರಳು ತಮ್ಮ ಕಡೆ ತಿರುಗಬೇಕಾದರೆ ಮೇಸ್ತ್ರಿಯನ್ನು ಸಂತೈಸಬೇಕಾಗಿತ್ತು. ಕೂಲಿಯಲ್ಲಿ ಒಂದು ಪಾಲು, ಒಂದು ಬಾಟಲಿ ಮದ್ಯ ಹೀಗೆ ಲಂಚಕ್ಕೆ ನಾನಾ ರೂಪ. ಹಡಗು ಧಕ್ಕೆಯಲ್ಲಿ ನಿಂತಷ್ಟು ಹೊತ್ತೂ ಒಡೆಯನಿಗೆ ಖರ್ಚು. ಆದಕಾರಣ ಒಮ್ಮೆ ಕೆಲಸಕ್ಕೆ ಸೇರಿದವರು ಹಗಲು ರಾತ್ರಿಯೆನ್ನದೆ ಇಪ್ಪತ್ತನಾಲ್ಕು ಗಂಟೆಗೂ ಮೀರಿ ದುಡಿಯುವುದಿತ್ತು. ಆಮೇಲೆ ವಾರಗಟ್ಟಲೆ ಕೂಲಿಯಿಲ್ಲ. ಆಯಾಸದಲ್ಲಿ ಕಾಲು ಜಾರಿ ಹಡಗಿನ ಒಡಲಿಗೆ ಬಿದ್ದವರು, ಜೋಲಿಯಿಂದ ಕಳಚಿದ ಸರಕಿನಡಿ ಸಿಲುಕಿದವರು ಕಡಿಮೆಯಿರಲಿಲ್ಲ.

1919ರ ಮುಷ್ಕರ ಸೋತ ಮೇಲೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕಾರ್ಮಿಕರ ನಿಜವಾದ ಸಂಘ ಉಳಿದಿರಲಿಲ್ಲ. ಇದ್ದದ್ದು ಒಡೆಯರಿಗೆ ಒಪ್ಪಿಗೆಯಾದ ಸಂಘ. ಅದರ ಸದಸ್ಯತ್ವದ ಪುಸ್ತಕ ನೀಲಿ ಬಣ್ಣದ್ದು. ಹಾಗಾಗಿ ಸಂಘಕ್ಕೂ ಬ್ಲೂ ಬುಕ್ ಎಂದೇ ಹೆಸರು. ನೀಲಿ ಪುಸ್ತಕವಿಲ್ಲದವನಿಗೆ ಕೆಲಸವಿಲ್ಲ. ಬ್ರಿಡ್ಜಸ್ ಈ ಪುಸ್ತಕವನ್ನು ಆದಷ್ಟು ದೂರವಿಟ್ಟು, ಅದರ ಫಲವಾಗಿ ಕೆಲಸ ಕಳೆದುಕೊಳ್ಳುತ್ತ, ಸಿಕ್ಕಿದಾಗ ದುಡಿಯುತ್ತ ಹತ್ತು ವರ್ಷ ಸವೆಸಿದರು. ಸಣಕಲು ಮೈ, ಉದ್ದ ಮೂಗು, ಆಸ್ಟ್ರೇಲಿಯಾದ ಉಚ್ಚಾರ. ಭಾಷಣಕಾರರೆಂದು ಹೆಸರು ಪಡೆದವರಲ್ಲ. ಆದರೆ ಹಡಗಿನ ಯಾವ ಮೂಲೆಯಲ್ಲಿ ಯಾವ ಸರಕನ್ನು ಹೇಗೆ ಜೋಡಿಸಬೇಕು, ಅದಕ್ಕೆ ಎಷ್ಟು ಜನ ಬೇಕು ಎಂಬುದನ್ನು ಮೈಯಿಂದ ಕಲಿತಿದ್ದರು. ಮಾತುಕತೆಯ ಮೇಜಿನಲ್ಲಿ ಒಡೆಯರ ವಕೀಲರಿಗೆ ಇಲ್ಲದಿದ್ದ ಬಲ ಇದು.

ಎಂಬತ್ತಮೂರು ದಿನ

1933ರಲ್ಲಿ ರೂಸ್‌ವೆಲ್ಟ್ ಸರ್ಕಾರ ತಂದ ಕಾನೂನು ಕಾರ್ಮಿಕರಿಗೆ ಸಂಘ ಕಟ್ಟುವ ಹಕ್ಕನ್ನು ಮಾನ್ಯ ಮಾಡಿತು. ಪೂರ್ವ ತೀರದಲ್ಲಿ ಕೇಂದ್ರ ಕಚೇರಿಯಿದ್ದ ಇಂಟರ್‌ನ್ಯಾಷನಲ್ ಲಾಂಗ್‌ಶೋರ್‌ಮೆನ್ಸ್ ಅಸೋಸಿಯೇಷನ್ ಎಂಬ ಹಳೆಯ ಸಂಘದ ಶಾಖೆಗೆ ಬಂದರಿನ ಕೂಲಿಕಾರರು ಗುಂಪುಗುಂಪಾಗಿ ಸೇರಿದರು. ಆಲ್ಬಿಯನ್ ಹಾಲ್ ಎಂಬಲ್ಲಿ ಸಭೆ ಸೇರುತ್ತಿದ್ದ ಉಗ್ರವಾದಿ ಒಲವಿನ ಒಂದು ಬಣ ಇವರ ನಡುವೆ ಬೆಳೆಯಿತು. ಕಮ್ಯುನಿಸ್ಟರೂ ಅಲ್ಲದವರೂ ಕೂಡಿದ್ದ ಆ ಬಣದ ಮುಂದಾಳು ಬ್ರಿಡ್ಜಸ್.

ಬೇಡಿಕೆಗಳಲ್ಲಿ ಕೂಲಿ ಹೆಚ್ಚಳವಿತ್ತು, ಕೆಲಸದ ಅವಧಿ ಕಡಿತವಿತ್ತು. ಆದರೆ ಬ್ರಿಡ್ಜಸ್ ಮತ್ತು ಸಂಗಡಿಗರು ಪಟ್ಟು ಹಿಡಿದದ್ದು ಬೇರೊಂದಕ್ಕೆ. ಯಾರಿಗೆ ಇಂದು ಕೆಲಸ ಎಂಬುದನ್ನು ನಿರ್ಧರಿಸುವ ಅಧಿಕಾರ ಮೇಸ್ತ್ರಿಯ ಬೆರಳಿನಲ್ಲಿ ಇರಬಾರದು; ಸಂಘವೇ ನಡೆಸುವ ಹೈರಿಂಗ್ ಹಾಲ್‌ನಲ್ಲಿ, ಅಂದರೆ ಕೂಲಿ ಹಂಚಿಕೆಯ ಕಟ್ಟಡದಲ್ಲಿ, ಅದು ಸರದಿಯಂತೆ ತೀರ್ಮಾನವಾಗಬೇಕು ಎಂಬುದು ಅವರ ವಾದ. ಹಡಗು ಕಂಪೆನಿಗಳು ಕೂಲಿಯ ಮಾತಿಗಾದರೂ ಬಗ್ಗಬಹುದಿತ್ತು, ಇದಕ್ಕೆ ಸುತರಾಂ ಬಗ್ಗಲಿಲ್ಲ.

1934ರ ಮೇ 9ರಂದು ಅಮೆರಿಕದ ಪಶ್ಚಿಮ ತೀರದ ಬಂದರುಗಳಲ್ಲಿ ಮುಷ್ಕರ ಆರಂಭವಾಯಿತು. ಉತ್ತರದ ಸಿಯಾಟಲ್‌ನಿಂದ ದಕ್ಷಿಣದ ಸ್ಯಾನ್ ಡಿಯಾಗೊವರೆಗೆ ಸರಕು ಏರಿಳಿತ ನಿಂತಿತು. ಕೆಲವೇ ದಿನಗಳಲ್ಲಿ ನಾವಿಕರೂ ಹಡಗಿನ ಅಡುಗೆಯವರೂ ಸೇರಿಕೊಂಡರು. ಲಾರಿ ಚಾಲಕರು ಧಕ್ಕೆಯ ಸರಕು ಮುಟ್ಟಲು ಒಲ್ಲೆನೆಂದರು. ಸಂಘದ ರಾಷ್ಟ್ರೀಯ ಅಧ್ಯಕ್ಷ ಜೋಸೆಫ್ ರಯಾನ್ ನ್ಯೂಯಾರ್ಕ್‌ನಿಂದ ಬಂದು, ಸ್ಥಳೀಯರನ್ನು ಕೇಳದೆಯೇ ಜೂನ್‌ನಲ್ಲಿ ಒಡೆಯರೊಂದಿಗೆ ಒಪ್ಪಂದಕ್ಕೆ ಸಹಿ ಮಾಡಿದರು. ಕಾರ್ಮಿಕರು ಅದನ್ನು ತಿರಸ್ಕರಿಸಿದರು. ಬ್ರಿಡ್ಜಸ್ ಜಂಟಿ ಮುಷ್ಕರ ಸಮಿತಿಯ ಅಧ್ಯಕ್ಷರಾದರು.

ಕಪ್ಪು ಜನಾಂಗದವರನ್ನು ಹಿಂದಿನ ಮುಷ್ಕರಗಳಲ್ಲಿ ಒಡೆಯರು ಬದಲಿ ಕೂಲಿಗಳಾಗಿ ಬಳಸಿಕೊಂಡಿದ್ದರು. ಸಂಘಗಳು ಅವರನ್ನು ಸೇರಿಸಿಕೊಳ್ಳದಿದ್ದುದೇ ಇದಕ್ಕೆ ಕಾರಣವೆಂಬುದು ಬ್ರಿಡ್ಜಸ್‌ಗೆ ಅರ್ಥವಾಗಿತ್ತು. ಕಪ್ಪು ಜನರ ಚರ್ಚುಗಳಿಗೆ ಹೋಗಿ ಅವರು ಬೆಂಬಲ ಕೋರಿದರು. ಮುಷ್ಕರ ಗೆದ್ದರೆ ಧಕ್ಕೆಯ ಕೆಲಸದಲ್ಲಿ ಸಮಾನ ಅವಕಾಶವೆಂದು ಮಾತು ಕೊಟ್ಟರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆ ಮಾತು ಉಳಿಯಿತು.

ಜುಲೈ 3ರಂದು ಒಡೆಯರು ಪೊಲೀಸ್ ರಕ್ಷಣೆಯಲ್ಲಿ ಲಾರಿಗಳನ್ನು ಓಡಿಸಿ ಬಂದರು ತೆರೆಯಲು ಮುಂದಾದರು. ಘರ್ಷಣೆಗಳಾದವು. ಸ್ವಾತಂತ್ರ್ಯ ದಿನವಾದ 4ರಂದು ಬಿಡುವು. 5ರಂದು, ಗುರುವಾರ, ಅಶ್ರುವಾಯು, ಲಾಠಿ, ಕಲ್ಲು, ಕೊನೆಗೆ ಗುಂಡು. ಸ್ಟುವರ್ಟ್ ಮತ್ತು ಮಿಷನ್ ರಸ್ತೆಗಳು ಕೂಡುವಲ್ಲಿ, ಮುಷ್ಕರನಿರತರ ಕಚೇರಿಯ ಸಮೀಪ, ಪೊಲೀಸರ ಗುಂಡಿಗೆ ಇಬ್ಬರು ಸತ್ತರು. ಒಬ್ಬರು ಹವರ್ಡ್ ಸ್ಪೆರಿ, ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರಾಗಿದ್ದ ಬಂದರು ಕಾರ್ಮಿಕ. ಇನ್ನೊಬ್ಬರು ನಿಕ್ ಬೊರ್ಡಾಯ್ಸ್, ಮುಷ್ಕರನಿರತರ ಗಂಜಿಕೇಂದ್ರದಲ್ಲಿ ಸ್ವಯಂಸೇವಕರಾಗಿದ್ದ ಗ್ರೀಕ್ ಮೂಲದ ಅಡುಗೆಯವರು. ಅಂದೇ ರಾಜ್ಯಪಾಲರು ನ್ಯಾಷನಲ್ ಗಾರ್ಡ್ ಪಡೆಯನ್ನು ಬಂದರಿಗೆ ಇಳಿಸಿದರು.

ಮುಷ್ಕರ ಅಲ್ಲಿಗೇ ಮುಗಿಯಿತೆಂದು ಹಲವರು ಎಣಿಸಿದ್ದರು. ಅದನ್ನು ತಿರುಗಿಸಿದ್ದು ಜುಲೈ 9ರ ಶವಯಾತ್ರೆ. ಮಾರ್ಕೆಟ್ ಸ್ಟ್ರೀಟ್ ಎಂಬ ನಗರದ ಮುಖ್ಯ ಬೀದಿಯಲ್ಲಿ ಸಾವಿರಾರು ಜನ ತಲೆಯ ಮೇಲಿನ ಟೋಪಿ ತೆಗೆದು, ಘೋಷಣೆ ಕೂಗದೆ ನಡೆದರು. ಒಬ್ಬ ಪೊಲೀಸನೂ ಕಾಣಿಸಲಿಲ್ಲ. ಬೀದಿಯ ಶಿಸ್ತನ್ನು ಕಾರ್ಮಿಕರೇ ನೋಡಿಕೊಂಡರು. ಪಾದಚಾರಿ ಮಾರ್ಗದಲ್ಲಿ ನಿಂತು ನೋಡಿದ ಅಂಗಡಿಕಾರರ, ಗುಮಾಸ್ತರ ಮನಸ್ಸು ಅಂದು ಬದಲಾಯಿತೆಂದು ಆ ಕಾಲದ ಬರಹಗಳು ಒಂದೇ ದನಿಯಲ್ಲಿ ಹೇಳುತ್ತವೆ. ಒಂದು ವಾರದ ಬಳಿಕ, ಜುಲೈ 16ರಂದು ಇಡೀ ನಗರ ಸ್ತಬ್ಧವಾಯಿತು. ಟ್ರಾಮ್‌ಗಳು ನಿಂತವು, ಅಂಗಡಿಗಳು ಮುಚ್ಚಿದವು. ವಾಷಿಂಗ್ಟನ್‌ನಲ್ಲಿ ಕೆಲವು ಸಚಿವರು ಸೇನೆ ಕಳುಹಿಸಲು ತವಕಿಸಿದರು. ಅಧ್ಯಕ್ಷ ರೂಸ್‌ವೆಲ್ಟ್ ಆಗ ಯುದ್ಧನೌಕೆಯಲ್ಲಿ ಪೆಸಿಫಿಕ್ ಸಾಗರದ ಪ್ರವಾಸದಲ್ಲಿದ್ದರು. ಕಾರ್ಮಿಕ ಸಚಿವೆ ಫ್ರಾನ್ಸಿಸ್ ಪರ್ಕಿನ್ಸ್ ದುಡುಕು ಬೇಡವೆಂದು ತಡೆದರು.

ಸಾರ್ವತ್ರಿಕ ಮುಷ್ಕರ ನಾಲ್ಕು ದಿನಕ್ಕೆ ಮುಗಿಯಿತು. ಬಂದರು ಮುಷ್ಕರ ಜುಲೈ 31ರಂದು, ಎಂಬತ್ತಮೂರು ದಿನಗಳ ತರುವಾಯ ಕೊನೆಗೊಂಡಿತು. ಆರ್ಚ್‌ಬಿಷಪ್ ಒಬ್ಬರು ಅಧ್ಯಕ್ಷರಾಗಿದ್ದ ಮಧ್ಯಸ್ಥಿಕೆ ಮಂಡಲಿ ಅಕ್ಟೋಬರ್‌ನಲ್ಲಿ ತೀರ್ಪು ನೀಡಿತು. ಗಂಟೆಗೆ 85 ಸೆಂಟ್ ಇದ್ದ ಕೂಲಿ 95 ಸೆಂಟ್ ಆಯಿತು. ದಿನಕ್ಕೆ ಆರು ಗಂಟೆ, ವಾರಕ್ಕೆ ಮೂವತ್ತು ಗಂಟೆ ಮೂಲ ದುಡಿಮೆ. ಅದನ್ನು ಮೀರಿದರೆ ಹೆಚ್ಚಿನ ದರ. ಹೈರಿಂಗ್ ಹಾಲ್‌ನ ಉಸ್ತುವಾರಿ ಒಡೆಯರದೂ ಸಂಘದ್ದೂ ಜಂಟಿಯಾಗಿ, ಆದರೆ ಕೆಲಸ ಹಂಚುವ ವ್ಯಕ್ತಿಯನ್ನು ಆರಿಸುವ ಹಕ್ಕು ಸಂಘಕ್ಕೆ.

ಆ ಕೊನೆಯ ಉಪವಾಕ್ಯದಲ್ಲೇ ಗೆಲುವೆಲ್ಲ ಅಡಗಿತ್ತು. ಹೆಸರು ನೋಂದಾಯಿಸಿದ ಪ್ರತಿಯೊಬ್ಬನೂ ದುಡಿದ ಗಂಟೆಗಳ ಲೆಕ್ಕ ಹಾಲ್‌ನಲ್ಲಿ ಇರುತ್ತಿತ್ತು. ಯಾರ ಲೆಕ್ಕದಲ್ಲಿ ಗಂಟೆ ಕಡಿಮೆಯೋ ಅವರಿಗೆ ಮೊದಲ ಕರೆ. ಮೇಸ್ತ್ರಿಯ ನೆಂಟನಿಗೂ, ಹೊಸದಾಗಿ ಬಂದ ವಲಸಿಗನಿಗೂ, ಬ್ರಿಡ್ಜಸ್‌ರ ಕಟ್ಟಾ ವಿರೋಧಿಗೂ ಒಂದೇ ಪಟ್ಟಿ. ಮನುಷ್ಯರು ಕೆಲಸಕ್ಕಾಗಿ ಬಾಟಲಿ ಕೊಂಡೊಯ್ಯುವುದು ನಿಂತಿತು. ಮುಂದಿನ ವರ್ಷಗಳಲ್ಲಿ ಒಂದು ಜೋಲಿಗೆ 2,100 ಪೌಂಡ್‌ಗಿಂತ ಹೆಚ್ಚು ಭಾರ ಹೇರಬಾರದೆಂಬ ನಿಯಮವೂ ಬಂತು. ಜುಲೈ 5ನ್ನು ಆ ತೀರದ ಬಂದರು ಕಾರ್ಮಿಕರು ಇಂದಿಗೂ ಮೃತರ ಸ್ಮರಣೆಯ ದಿನವಾಗಿ ಆಚರಿಸುತ್ತಾರೆ.

1937ರಲ್ಲಿ ಪಶ್ಚಿಮ ತೀರದವರು ರಯಾನ್‌ರ ಸಂಘದಿಂದ ಹೊರಬಂದು ತಮ್ಮದೇ ಸಂಘ ಸ್ಥಾಪಿಸಿದರು. ಇಂಟರ್‌ನ್ಯಾಷನಲ್ ಲಾಂಗ್‌ಶೋರ್‌ಮೆನ್ಸ್ ಅಂಡ್ ವೇರ್‌ಹೌಸ್‌ಮೆನ್ಸ್ ಯೂನಿಯನ್ ಅದರ ಪೂರ್ಣ ಹೆಸರು. ಐಎಲ್‌ಡಬ್ಲ್ಯುಯು ಎಂಬುದು ಬಳಕೆಯ ಹೆಸರು. ಬ್ರಿಡ್ಜಸ್ ಅದರ ಅಧ್ಯಕ್ಷರಾದರು. ನಲವತ್ತು ವರ್ಷ ಆ ಸ್ಥಾನದಲ್ಲಿದ್ದರು.

ಗಡೀಪಾರಿನ ಬೆನ್ನಟ್ಟುವಿಕೆ

ಇಷ್ಟು ಬಲ ಪಡೆದ ನಾಯಕ ಪರದೇಶದವನು, ಅದೂ ಕಮ್ಯುನಿಸ್ಟರ ಒಡನಾಡಿ. ಬ್ರಿಡ್ಜಸ್‌ರನ್ನು ಆಸ್ಟ್ರೇಲಿಯಾಕ್ಕೆ ಅಟ್ಟಬೇಕೆಂಬ ಕೂಗು ಪತ್ರಿಕೆಗಳಲ್ಲೂ ಸಂಸತ್ತಿನಲ್ಲೂ ಎದ್ದಿತು. ಸಚಿವೆ ಪರ್ಕಿನ್ಸ್ ಸಾಕ್ಷ್ಯ ಸಾಲದೆಂದು ತಡಮಾಡಿದಾಗ 1939ರ ಆರಂಭದಲ್ಲಿ ಅವರ ವಿರುದ್ಧವೇ ಮಹಾಭಿಯೋಗದ ಗೊತ್ತುವಳಿ ಮಂಡನೆಯಾಯಿತು. ಅದು ಬಿದ್ದುಹೋಯಿತು.

ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಏಂಜೆಲ್ ದ್ವೀಪದಲ್ಲಿ ಮೊದಲ ವಿಚಾರಣೆ ನಡೆಯಿತು. ಹಾರ್ವರ್ಡ್ ಕಾನೂನು ಶಾಲೆಯ ಡೀನ್ ಜೇಮ್ಸ್ ಲ್ಯಾಂಡಿಸ್ ವಿಚಾರಣಾಧಿಕಾರಿ. ವಾರಗಟ್ಟಲೆ ಸಾಕ್ಷಿಗಳನ್ನು ಕೇಳಿದ ಲ್ಯಾಂಡಿಸ್, ಬ್ರಿಡ್ಜಸ್ ಕಮ್ಯುನಿಸ್ಟ್ ಪಕ್ಷದ ಸದಸ್ಯರೆಂಬುದು ಸಾಬೀತಾಗಿಲ್ಲ ಎಂದು ವರದಿ ಕೊಟ್ಟರು; ಸರ್ಕಾರದ ಪರ ಸಾಕ್ಷಿಗಳಲ್ಲಿ ಹಲವರನ್ನು ನಂಬಲಾಗದು ಎಂದೂ ತೀರ್ಮಾನಿಸಿದರು. 1940ರಲ್ಲಿ ಪ್ರತಿನಿಧಿ ಸಭೆ ಬ್ರಿಡ್ಜಸ್‌ರ ಹೆಸರನ್ನೇ ಹಿಡಿದು ಗಡೀಪಾರು ಮಸೂದೆ ಅಂಗೀಕರಿಸಿತು. ಒಬ್ಬ ವ್ಯಕ್ತಿಯ ಮೇಲೆ ಶಾಸನ ಹೊರಡಿಸುವ ಈ ವಿಚಿತ್ರ ಸೆನೆಟ್‌ನಲ್ಲಿ ಮುಂದೆ ಸಾಗಲಿಲ್ಲ. ಬದಲಿಗೆ ಕಾನೂನನ್ನೇ ತಿದ್ದಿ, ಹಿಂದೆ ಎಂದಾದರೂ ಇಂಥ ಸಂಘಟನೆಯಲ್ಲಿದ್ದವರನ್ನೂ ಹೊರಹಾಕಬಹುದೆಂದು ಮಾಡಲಾಯಿತು.

ಎರಡನೆಯ ವಿಚಾರಣೆಯ ಕಾಲದಲ್ಲಿ, 1941ರಲ್ಲಿ, ನಡೆದ ಪ್ರಸಂಗವೊಂದು ನಗೆ ತರಿಸುವಂಥದು. ನ್ಯೂಯಾರ್ಕ್‌ನ ಹೋಟೆಲಿನಲ್ಲಿ ತಂಗಿದ್ದ ಬ್ರಿಡ್ಜಸ್‌ಗೆ ಪಕ್ಕದ ಕೋಣೆಯವರ ಮೇಲೆ ಅನುಮಾನ ಬಂತು. ಹುಡುಕಿದಾಗ ತಮ್ಮ ಕೋಣೆಯ ದೂರವಾಣಿ ಪೆಟ್ಟಿಗೆಯಲ್ಲಿ ಅಡಗಿಸಿಟ್ಟ ಮೈಕ್ರೊಫೋನ್ ಸಿಕ್ಕಿತು. ಅವರು ಗಲಾಟೆ ಮಾಡಲಿಲ್ಲ. ಎದುರಿನ ಕಟ್ಟಡಕ್ಕೆ ಹೋಗಿ ದುರ್ಬೀನಿನಲ್ಲಿ ಎಫ್‌ಬಿಐ ಪತ್ತೇದಾರರನ್ನು ತಾವೇ ಕಾವಲು ಕಾದರು. ಬೇಹುಗಾರರ ಮೇಲಿನ ಈ ಬೇಹುಗಾರಿಕೆ ಪತ್ರಿಕೆಗಳಿಗೆ ಹಬ್ಬವಾಯಿತು.

ಆದರೆ ಆ ವಿಚಾರಣೆಯ ಫಲ ಅವರಿಗೆ ವಿರುದ್ಧವಾಗಿ ಬಂತು. 1942ರಲ್ಲಿ ಅಟಾರ್ನಿ ಜನರಲ್ ಫ್ರಾನ್ಸಿಸ್ ಬಿಡ್ಲ್ ಗಡೀಪಾರಿಗೆ ಆದೇಶಿಸಿದರು. ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 1945ರ ಜೂನ್‌ನಲ್ಲಿ ನ್ಯಾಯಾಲಯ 5-3ರ ಬಹುಮತದಿಂದ ಆದೇಶವನ್ನು ರದ್ದುಪಡಿಸಿತು. ಕಾನೂನುಬದ್ಧ ಉದ್ದೇಶಗಳಿಗಾಗಿ ಒಂದು ಪಕ್ಷದೊಂದಿಗೆ ಸಹಕರಿಸುವುದು ಬೇರೆ, ಅದರ ಅಂಗವಾಗುವುದು ಬೇರೆ ಎಂಬುದು ತೀರ್ಪಿನ ತಿರುಳು. ಸೆಪ್ಟೆಂಬರ್‌ನಲ್ಲಿ ಬ್ರಿಡ್ಜಸ್ ಅಮೆರಿಕದ ಪ್ರಜೆಯಾದರು. ಇಪ್ಪತ್ತೈದು ವರ್ಷ ತಡವಾಗಿ.

ಅಷ್ಟಕ್ಕೂ ಮುಗಿಯಲಿಲ್ಲ. ಶೀತಲ ಸಮರದ ದಿನಗಳು ಬಂದವು. ಪೌರತ್ವ ಪಡೆಯುವಾಗ ತಾವು ಕಮ್ಯುನಿಸ್ಟರಲ್ಲವೆಂದು ಸುಳ್ಳು ಪ್ರಮಾಣ ಮಾಡಿದರೆಂದು 1949ರಲ್ಲಿ ಮೊಕದ್ದಮೆ ಹೂಡಲಾಯಿತು. 1950ರಲ್ಲಿ ಐದು ವರ್ಷಗಳ ಶಿಕ್ಷೆಯಾಯಿತು. ಮೇಲ್ಮನವಿಯ ನಡುವೆ ಕೊರಿಯಾ ಯುದ್ಧವನ್ನು ವಿರೋಧಿಸಿದರೆಂದು ಜಾಮೀನು ರದ್ದಾಗಿ ಕೆಲವು ವಾರ ಜೈಲಿನಲ್ಲೂ ಇದ್ದರು. 1953ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನೂ ತಳ್ಳಿಹಾಕಿತು. 1955ರಲ್ಲಿ ಪೌರತ್ವ ಕಿತ್ತುಕೊಳ್ಳುವ ಕೊನೆಯ ದಾವೆಯೂ ಬಿದ್ದುಹೋಯಿತು. ಈ ನಡುವೆ 1950ರಲ್ಲಿ ಸಿಐಒ ಎಂಬ ಕಾರ್ಮಿಕ ಒಕ್ಕೂಟ ಬ್ರಿಡ್ಜಸ್‌ರ ಸಂಘವನ್ನು ಕಮ್ಯುನಿಸ್ಟ್ ಹಿಡಿತದಲ್ಲಿದೆಯೆಂದು ಉಚ್ಚಾಟಿಸಿತ್ತು. ಸದಸ್ಯರು ಚದುರಲಿಲ್ಲ. ಅವರಲ್ಲಿ ಬಹುಪಾಲು ಕಮ್ಯುನಿಸ್ಟರಲ್ಲ, ಧರ್ಮಭೀರುಗಳಾದ ಕ್ಯಾಥೊಲಿಕರೂ ಸಾಕಷ್ಟಿದ್ದರು. ಅವರ ಪಾಲಿಗೆ ಬ್ರಿಡ್ಜಸ್ ಎಂದರೆ ಹೈರಿಂಗ್ ಹಾಲ್, ಮಿಕ್ಕಿದ್ದು ಅವರವರ ನಂಬಿಕೆ.

ಬ್ರಿಡ್ಜಸ್ ನಿಜಕ್ಕೂ ಸದಸ್ಯರಾಗಿದ್ದರೇ? ಜೀವನದುದ್ದಕ್ಕೂ ಅವರು ಅಲ್ಲವೆಂದೇ ಹೇಳಿದರು. ಸೋವಿಯತ್ ಒಕ್ಕೂಟದ ಮೇಲಿನ ಮೆಚ್ಚುಗೆಯನ್ನು ಮಾತ್ರ ಎಂದೂ ಮುಚ್ಚಿಡಲಿಲ್ಲ. 1991ರ ಬಳಿಕ ಮಾಸ್ಕೋದ ದಾಖಲೆಗಳು ತೆರೆದಾಗ, 1930ರ ದಶಕದಲ್ಲಿ ರೊಸ್ಸಿ ಎಂಬ ಗುಪ್ತನಾಮದಲ್ಲಿ ಅವರು ಅಮೆರಿಕದ ಪಕ್ಷದ ಕೇಂದ್ರ ಸಮಿತಿಯಲ್ಲಿದ್ದರೆಂದು ಸೂಚಿಸುವ ಕಾಗದಗಳು ಸಿಕ್ಕವು. ಇತಿಹಾಸಕಾರರಲ್ಲಿ ಈ ಬಗ್ಗೆ ಒಮ್ಮತವಿಲ್ಲ. ಅವರ ನಿಲುವುಗಳು ಪಕ್ಷದ ನಿಲುವಿನ ಜೊತೆಜೊತೆಗೇ ತಿರುಗಿದ್ದಂತೂ ಕಣ್ಣಿಗೆ ಕಾಣುವ ಸಂಗತಿ. 1941ರ ಜೂನ್‌ನಲ್ಲಿ ಹಿಟ್ಲರ್ ರಷ್ಯಾದ ಮೇಲೆ ದಾಳಿ ಮಾಡುವ ತನಕ ಯುದ್ಧ ಬೇಡವೆನ್ನುತ್ತಿದ್ದವರು, ಆಮೇಲೆ ಮುಷ್ಕರ ಬಿಡಿ, ಸರಕು ಬೇಗ ತುಂಬಿ ಎಂದು ಸದಸ್ಯರ ಬೆನ್ನುಹತ್ತಿದರು. ಧಕ್ಕೆಯಲ್ಲಿ ಗೊಣಗಾಟ ಕೇಳಿಬಂತು.

ಬಣ್ಣದ ಗೆರೆ

1938ರ ಕೊನೆಯಲ್ಲಿ, ಜಪಾನ್ ಚೀನಾವನ್ನು ತುಳಿಯುತ್ತಿದ್ದ ದಿನಗಳಲ್ಲಿ, ಜಪಾನಿಗೆ ಹೊರಟಿದ್ದ ಗುಜರಿ ಕಬ್ಬಿಣ ತುಂಬಬೇಕಿದ್ದ ಹಡಗಿನೆದುರು ಸ್ಯಾನ್ ಫ್ರಾನ್ಸಿಸ್ಕೊದ ಚೀನೀಯರು ಧರಣಿ ನಡೆಸಿದರು. ಬಂದರು ಕಾರ್ಮಿಕರು ಅವರನ್ನು ದಾಟಿ ಹೋಗಲಿಲ್ಲ. ಹವಾಯಿ ದ್ವೀಪಗಳ ಕಬ್ಬಿನ ತೋಟಗಳಲ್ಲಿ ಜಪಾನೀಯರು, ಫಿಲಿಪಿನೊಗಳು, ಪೋರ್ಚುಗೀಸರು ಬೇರೆಬೇರೆ ಸಂಘಗಳಾಗಿ ಒಡೆದು ಸೋಲುತ್ತಿದ್ದರು. ಅವರನ್ನು ಒಂದೇ ಸಂಘದಲ್ಲಿ ತಂದು 1946ರ ಸಕ್ಕರೆ ಮುಷ್ಕರವನ್ನು ಗೆದ್ದದ್ದು ಬ್ರಿಡ್ಜಸ್‌ರ ಐಎಲ್‌ಡಬ್ಲ್ಯುಯು.

1958ರಲ್ಲಿ ಈ ವಿಷಯ ಅವರ ಮನೆಯ ಬಾಗಿಲಿಗೇ ಬಂತು. ಹಿಂದಿನ ಎರಡು ಮದುವೆಗಳು ಮುರಿದಿದ್ದವು. ಜಪಾನೀ ಮೂಲದ ಅಮೆರಿಕನ್ ಮಹಿಳೆ ನೊರಿಕೊ ಸವಾಡ ಅವರನ್ನು ವರಿಸಲು ನಿಶ್ಚಯಿಸಿದ್ದರು. ಮಹಾಯುದ್ಧದ ಕಾಲದಲ್ಲಿ ಜಪಾನೀ ಮೂಲದವರನ್ನು ಕೂಡಿಹಾಕಿದ್ದ ಶಿಬಿರದಲ್ಲಿ ಯೌವನದ ದಿನಗಳನ್ನು ಕಳೆದವರು ಆಕೆ. ನೆವಾಡ ರಾಜ್ಯದ ರೀನೊ ಪಟ್ಟಣಕ್ಕೆ ಹೋಗಿ ಮದುವೆಯ ಪರವಾನಗಿ ಕೇಳಿದರೆ, ಬಿಳಿಯರು ಇತರ ವರ್ಣದವರನ್ನು ಮದುವೆಯಾಗುವುದು ಇಲ್ಲಿ ನಿಷಿದ್ಧವೆಂದು ಗುಮಾಸ್ತರು ನಿರಾಕರಿಸಿದರು. ಪಕ್ಕದ ಕ್ಯಾಲಿಫೋರ್ನಿಯಾಕ್ಕೆ ಮರಳಿ ಸುಲಭವಾಗಿ ಮದುವೆಯಾಗಬಹುದಿತ್ತು. ಕೋರ್ಟುಗಳನ್ನು ಅರೆದು ಕುಡಿದಿದ್ದ ಬ್ರಿಡ್ಜಸ್ ಅಲ್ಲಿಯೇ ದಾವೆ ಹೂಡಿದರು. ನ್ಯಾಯಾಧೀಶರು ಪರವಾನಗಿ ಕೊಡಲು ಆದೇಶಿಸಿದರು. ಮರುವರ್ಷ, 1959ರಲ್ಲಿ, ನೆವಾಡ ಶಾಸಕಾಂಗ ಆ ಕಾನೂನನ್ನೇ ತೆಗೆದುಹಾಕಿತು.

ಇಷ್ಟಿದ್ದೂ ಸ್ವಂತ ಸಂಘದೊಳಗೆ ಕಲೆ ಉಳಿದಿತ್ತು. ಪೋರ್ಟ್‌ಲೆಂಡ್ ಶಾಖೆ 1964ರವರೆಗೂ ಕಪ್ಪು ಜನರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳಲಿಲ್ಲ. ಶಾಖೆಗಳ ಸ್ವಾಯತ್ತತೆಯ ಹೆಸರಿನಲ್ಲಿ ಬ್ರಿಡ್ಜಸ್ ಅದನ್ನು ಬಲವಂತವಾಗಿ ಮುರಿಯಲಿಲ್ಲ. ಒಡೆಯರೊಡನೆ ಹಠ ಹಿಡಿಯಬಲ್ಲವರು ತಮ್ಮವರೊಡನೆ ಹಿಡಿಯದೆ ಹೋದದ್ದಕ್ಕೆ ಸಮರ್ಥನೆ ಸಿಗುವುದು ಕಷ್ಟ.

ಪೆಟ್ಟಿಗೆಯೊಂದು ಬಂತು

1950ರ ದಶಕದ ಕೊನೆಗೆ ಬ್ರಿಡ್ಜಸ್ ಎದುರು ನಿಂತದ್ದು ಪೊಲೀಸರೂ ಅಲ್ಲ, ವಕೀಲರೂ ಅಲ್ಲ. ಕಬ್ಬಿಣದ ದೊಡ್ಡ ಪೆಟ್ಟಿಗೆ. 1956ರಲ್ಲಿ ಪೂರ್ವ ತೀರದಲ್ಲಿ ಮಾಲ್ಕಮ್ ಮ್ಯಾಕ್ಲೀನ್ ಎಂಬ ಲಾರಿ ಉದ್ಯಮಿ ಸರಕನ್ನು ಕಂಟೇನರ್‌ಗಳಲ್ಲಿ ತುಂಬಿಸಿ ಹಡಗಿಗೇರಿಸಿ ಕಳುಹಿಸಿದ. 1958ರಲ್ಲಿ ಮ್ಯಾಟ್ಸನ್ ಕಂಪೆನಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಿಂದ ಹವಾಯಿಗೆ ಕಂಟೇನರ್ ಸಾಗಣೆ ಆರಂಭಿಸಿತು. ಹತ್ತಾರು ಜನ ದಿನಗಟ್ಟಲೆ ಕೊಕ್ಕೆ ಹಿಡಿದು ಎಳೆಯುತ್ತಿದ್ದ ಮೂಟೆ, ಪೀಪಾಯಿ, ಡಬ್ಬಗಳನ್ನು ಇನ್ನು ಕ್ರೇನ್ ಒಂದೇ ಎತ್ತಿಗೆ ಎತ್ತಿಡಬಲ್ಲದು.

ಸಂಘದ ಬಳಿ ತಡೆಯುವ ಆಯುಧಗಳಿದ್ದವು. 1934ರ ಬಳಿಕ ಗಳಿಸಿದ ನಿಯಮಗಳೇ ಆ ಆಯುಧ. ಜೋಲಿಯ ಭಾರದ ಮಿತಿ ಹಾಗೇ ಇತ್ತು. ಎಂಟು ಜನರ ತಂಡದಲ್ಲಿ ನಾಲ್ವರು ದುಡಿಯುವಾಗ ನಾಲ್ವರು ಕುಳಿತಿರುವ ರೂಢಿ ಬೆಳೆದಿತ್ತು. ಲಾರಿಯಲ್ಲಿ ಹಲಗೆಯ ಮೇಲೆ ಜೋಡಿಸಿ ತಂದ ಸರಕನ್ನೂ ಧಕ್ಕೆಯ ನೆಲಕ್ಕೆ ಇಳಿಸಿ ಮತ್ತೊಮ್ಮೆ ಜೋಡಿಸಬೇಕಿತ್ತು. ಇವುಗಳಲ್ಲಿ ಕೆಲವು ಸುರಕ್ಷತೆಗೆ ಬೇಕಾದವು, ಕೆಲವು ಶುದ್ಧ ಕಾಲಹರಣ. ಯಂತ್ರದ ಎದುರು ಇವನ್ನು ಹಿಡಿದು ನಿಂತರೆ ಕೆಲವು ವರ್ಷ ತಳ್ಳಬಹುದು, ಗೆಲ್ಲಲಾಗದು ಎಂದು ಬ್ರಿಡ್ಜಸ್ ಲೆಕ್ಕ ಹಾಕಿದರು. 1957ರಿಂದಲೇ ಸಂಘದೊಳಗೆ ಈ ಚರ್ಚೆಯನ್ನು ಎಬ್ಬಿಸಿದರು. ಸೋಲುವ ಮುನ್ನವೇ ಬೆಲೆ ಕಟ್ಟಿ ಮಾರುವುದು ಮೇಲೆಂಬುದು ಅವರ ನಿಲುವು.

ಒಡೆಯರ ಒಕ್ಕೂಟದ ಮುಖ್ಯಸ್ಥ ಪಾಲ್ ಸೇಂಟ್ ಶೂರ್ ಅವರೊಂದಿಗೆ ದೀರ್ಘ ಮಾತುಕತೆ ನಡೆದು 1960ರ ಅಕ್ಟೋಬರ್‌ನಲ್ಲಿ ಯಾಂತ್ರೀಕರಣ ಮತ್ತು ಆಧುನೀಕರಣ ಒಪ್ಪಂದವಾಯಿತು. ಹಳೆಯ ನಿಯಮಗಳನ್ನು ಬಿಟ್ಟುಕೊಟ್ಟು ಯಂತ್ರಗಳಿಗೆ ದಾರಿ ಬಿಡಲು ಸಂಘ ಒಪ್ಪಿತು. ಪ್ರತಿಯಾಗಿ ಒಡೆಯರು ಐದೂವರೆ ವರ್ಷಗಳಲ್ಲಿ 2.9 ಕೋಟಿ ಡಾಲರ್ ನಿಧಿಗೆ ತುಂಬಬೇಕು. ಎ ಪಟ್ಟಿಯಲ್ಲಿರುವ ಪೂರ್ಣ ಸದಸ್ಯರನ್ನು ಯಂತ್ರದ ಕಾರಣಕ್ಕೆ ತೆಗೆಯುವಂತಿಲ್ಲ. ಅವರಿಗೆ ಕನಿಷ್ಠ ಗಳಿಕೆಯ ಖಾತರಿ. ಇಪ್ಪತ್ತೈದು ವರ್ಷ ದುಡಿದು 65ಕ್ಕೆ ನಿವೃತ್ತರಾದವರಿಗೆ ಪಿಂಚಣಿಯ ಜೊತೆಗೆ 7,920 ಡಾಲರ್.

ಯಂತ್ರ ತಂದ ಲಾಭದಲ್ಲಿ ಕಾರ್ಮಿಕನಿಗೂ ಪಾಲಿದೆ ಎಂಬ ತತ್ವವನ್ನು ಇಷ್ಟು ಸ್ಪಷ್ಟವಾಗಿ ಬರೆದ ಒಪ್ಪಂದ ಅಲ್ಲಿಯವರೆಗೆ ಅಪರೂಪ. ಹಿಂದೆ ಬ್ರಿಡ್ಜಸ್‌ರನ್ನು ರಾಕ್ಷಸನಂತೆ ಚಿತ್ರಿಸಿದ್ದ ಪತ್ರಿಕೆಗಳು ಕಾರ್ಮಿಕ ಮುತ್ಸದ್ದಿ ಎಂದು ಹೊಗಳತೊಡಗಿದವು. ಆದರೆ ಧಕ್ಕೆಯಲ್ಲಿ ಎಲ್ಲರೂ ಹೊಗಳಲಿಲ್ಲ. ಅದೇ ಬಂದರಿನಲ್ಲಿ ಮೂಟೆ ಹೊರುತ್ತಲೇ ಪುಸ್ತಕ ಬರೆದು ಹೆಸರಾಗಿದ್ದ ಚಿಂತಕ ಎರಿಕ್ ಹಾಫರ್, ಹಿಂದಿನ ತಲೆಮಾರು ಗಳಿಸಿ ಬಿಟ್ಟುಹೋದ ಹಕ್ಕುಗಳನ್ನು ಹಣಕ್ಕೆ ಮಾರುವ ಅಧಿಕಾರ ಈ ತಲೆಮಾರಿಗಿಲ್ಲವೆಂದು ವಾದಿಸಿದರು. ಮೊದಲ ವರ್ಷಗಳಲ್ಲಿ ಯಂತ್ರಗಳು ನಿರೀಕ್ಷಿಸಿದಷ್ಟು ಬರಲೂ ಇಲ್ಲ. ಭಾರದ ಮಿತಿ ಹೋಯಿತು, ಬರಿಗೈಯಲ್ಲೇ ಹೆಚ್ಚು ಹೊರಬೇಕಾಯಿತು. ಕೊನೆಗೆ ಬ್ರಿಡ್ಜಸ್ ತಾವೇ ಮುಂದಾಗಿ, ಬೇಗ ಯಂತ್ರ ತನ್ನಿ ಎಂದು ಒಡೆಯರನ್ನು ಒತ್ತಾಯಿಸಬೇಕಾದ ವಿಪರ್ಯಾಸ ಬಂದೊದಗಿತು.

ಹೆಚ್ಚು ಕಹಿಯಾದದ್ದು ಬಿ ಪಟ್ಟಿಯವರ ಕಥೆ. ಎ ಪಟ್ಟಿಯವರು ಆರಿಸಿಕೊಂಡು ಉಳಿದ ಕೆಲಸಕ್ಕೆ ಹೋಗುತ್ತಿದ್ದ, ಸಂಘದಲ್ಲಿ ಮತದ ಹಕ್ಕಿಲ್ಲದ ಕಿರಿಯರು ಇವರು. ಹಡಗಿನ ಒಡಲಿನ ಅತ್ಯಂತ ಕಷ್ಟದ ದುಡಿಮೆ ಇವರದು. ಒಪ್ಪಂದದ ಖಾತರಿ ಮಾತ್ರ ಇವರಿಗಿಲ್ಲ. 1963ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 82 ಜನ ಬಿ ಪಟ್ಟಿಯವರನ್ನು ನಿಯಮ ಉಲ್ಲಂಘನೆಯ ಆರೋಪದ ಮೇಲೆ ನೋಂದಣಿಯಿಂದ ಕಿತ್ತುಹಾಕಲಾಯಿತು. ಈ ನಿರ್ಧಾರದಲ್ಲಿ ಸಂಘವೂ ಒಡೆಯರೂ ಒಂದೇ ಕಡೆ ಇದ್ದರು. ಹೊರಬಿದ್ದವರಲ್ಲಿ ಬಹುಮಂದಿ ಕಪ್ಪು ಜನರು. ಅವರು ಹೂಡಿದ ದಾವೆ ವರ್ಷಾನುಗಟ್ಟಲೆ ಎಳೆಯಿತು, ಅವರಿಗೆ ಕೆಲಸ ಮರಳಿ ಸಿಗಲಿಲ್ಲ. ಹೆಸರನ್ನು ಪಟ್ಟಿಗೆ ಸೇರಿಸಬೇಕೆಂದು ಮುಷ್ಕರ ಹೂಡಿದ ಸಂಘವೇ ಈಗ ಪಟ್ಟಿಯಿಂದ ಹೆಸರು ಹೊಡೆಯುವ ಕಡೆಗಿತ್ತು.

1966ರಲ್ಲಿ ನವೀಕರಿಸಿದ ಒಪ್ಪಂದದ ಒಂದು ಕಲಮು ಇನ್ನೂ ಆಳಕ್ಕೆ ಇರಿಯಿತು. ಕ್ರೇನ್ ಮುಂತಾದ ಯಂತ್ರ ನಡೆಸುವ ನುರಿತವರನ್ನು ಒಡೆಯರು ಹಾಲ್‌ಗೆ ಕೇಳದೆ ಖಾಯಂ ಆಗಿ ಇಟ್ಟುಕೊಳ್ಳಲು ಅದು ಅನುಮತಿಸಿತು. ಎಲ್ಲರಿಗೂ ಒಂದೇ ಸರದಿ ಎಂಬ 1934ರ ಗಳಿಕೆಗೆ ಬಿದ್ದ ಮೊದಲ ಬಿರುಕು ಇದು. ಅಸಮಾಧಾನ ಕುದಿದು 1971ರ ಜುಲೈ 1ರಂದು ತೀರದುದ್ದಕ್ಕೂ ಮುಷ್ಕರ ಆರಂಭವಾಯಿತು. ಎಪ್ಪತ್ತಾಗಿದ್ದ ಬ್ರಿಡ್ಜಸ್‌ಗೆ ಅದರಲ್ಲಿ ಉತ್ಸಾಹವಿರಲಿಲ್ಲ. ಸದಸ್ಯರೇ ಅವರನ್ನು ಎಳೆದುಕೊಂಡು ಹೋದರು ಎನ್ನಬೇಕು. ಅಧ್ಯಕ್ಷ ನಿಕ್ಸನ್ ಟಾಫ್ಟ್-ಹಾರ್ಟ್ಲಿ ಕಾಯ್ದೆ ಪ್ರಯೋಗಿಸಿ ನಡುವೆ ತಡೆದರೂ ಮತ್ತೆ ಮುಂದುವರಿದು, ಒಟ್ಟು 134 ದಿನಗಳ ಬಳಿಕ 1972ರ ಫೆಬ್ರುವರಿಯಲ್ಲಿ ಮುಗಿಯಿತು. ಕೂಲಿ ಏರಿತು. ಆ ಕಲಮು ಉಳಿಯಿತು.

1970ರಲ್ಲಿ ಮೇಯರ್ ಜೋಸೆಫ್ ಅಲಿಯೊಟೊ ಬ್ರಿಡ್ಜಸ್‌ರನ್ನು ನಗರದ ಬಂದರು ಆಯೋಗದ ಸದಸ್ಯರನ್ನಾಗಿ ನೇಮಿಸಿದ್ದರು. ಒಂದು ಕಾಲದಲ್ಲಿ ಯಾವ ಧಕ್ಕೆಯನ್ನು ಮುಚ್ಚಿಸಿದ್ದರೋ ಅದರ ಆಡಳಿತದಲ್ಲೇ ಈಗ ಅವರಿಗೊಂದು ಕುರ್ಚಿ. ಆದರೆ ಆಡಳಿತ ನಡೆಸಲು ಅಲ್ಲಿ ಹಡಗುಗಳು ಕಡಿಮೆಯಾಗುತ್ತಿದ್ದವು. ಕಂಟೇನರ್‌ಗಳನ್ನು ಇಳಿಸಿ ಸಾಲಾಗಿ ಜೋಡಿಸಲು ವಿಸ್ತಾರವಾದ ಬಯಲು, ರೈಲು ಸಂಪರ್ಕ ಬೇಕು. ಕಿರಿದಾದ ಧಕ್ಕೆಗಳ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅದಿಲ್ಲ. ಕೊಲ್ಲಿಯಾಚೆಯ ಓಕ್‌ಲ್ಯಾಂಡ್‌ನಲ್ಲಿ ಇತ್ತು. ಸರಕು ಅಲ್ಲಿಗೆ ಹೋಯಿತು.

1977ರಲ್ಲಿ ಬ್ರಿಡ್ಜಸ್ ಅಧ್ಯಕ್ಷ ಸ್ಥಾನದಿಂದ ನಿವೃತ್ತರಾದರು. ತೀರದ ಬಂದರುಗಳಲ್ಲಿ ಉಳಿದ ಕಾರ್ಮಿಕರು ಅವರು ಕೆಲಸಕ್ಕೆ ಸೇರಿದ ಕಾಲದವರಿಗಿಂತ ಸಂಖ್ಯೆಯಲ್ಲಿ ಕಡಿಮೆ, ಸಂಬಳದಲ್ಲಿ ದೇಶದ ಶ್ರಮಿಕರಲ್ಲೇ ಮೇಲಿನ ಸಾಲಿನವರು. 1984ರಲ್ಲಿ ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾದಿಂದ ಬಂದ ಸರಕನ್ನು ಇಳಿಸಲು ಸ್ಯಾನ್ ಫ್ರಾನ್ಸಿಸ್ಕೊ ಶಾಖೆಯವರು ಹನ್ನೊಂದು ದಿನ ನಿರಾಕರಿಸಿದರು. 1990ರ ಜೂನ್‌ನಲ್ಲಿ ಓಕ್‌ಲ್ಯಾಂಡ್‌ಗೆ ಬಂದ ನೆಲ್ಸನ್ ಮಂಡೇಲಾ ಅದನ್ನು ನೆನೆದು ಕೃತಜ್ಞತೆ ಸಲ್ಲಿಸಿದರು. ಬ್ರಿಡ್ಜಸ್ ಅದನ್ನು ಕೇಳಲು ಇರಲಿಲ್ಲ. ಅದೇ ವರ್ಷ ಮಾರ್ಚ್ 30ರಂದು, ತಮ್ಮ 88ನೆಯ ವಯಸ್ಸಿನಲ್ಲಿ, ಅವರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಿಧನರಾಗಿದ್ದರು.